ನೀರು ಸಾಕು ಅನ್ನುವವರು

ಗಾಲ್ಫ್ ಮೈದಾನದ ಮ್ಯಾನೇಜರ್ ಸಾಹೇಬರಿಗೆ, ಮದ್ದೂರಿನ ಪ್ರಸನ್ನ ಮಾಡುವ ನಮಸ್ಕಾರ.

ನಿನ್ನೆ ನಿಮ್ಮ ಬಾವುಟದ ಕೋಲು ಕಿತ್ತುಕೊಂಡು ಓಡಾಡಿದವರು ನಮ್ಮಪ್ಪ ಮರಿಸಿದ್ದಯ್ಯ. ಮತ್ತೆ ಕರೆತರಬೇಡಿ ಅಂದಿರಿ. ಸಮುದ್ರದ ಪಕ್ಕ ಯಾರು ಬೇಕಾದರೂ ಆಡಬಹುದಾದ ಮೈದಾನ ಇದೆ ಅಂತ ಕೇಳಿ, ರಜೆಗೆ ಆಡಲು ಬಂದವನು ನಾನು. ಅಪ್ಪನಿಗೆ ಮರೆವಿನ ಕಾಯಿಲೆ, ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿಲ್ಲ.

ಅವರು ಆತಗೂರು ಕಡೆ ನೀರುಗಂಟಿ ಆಗಿದ್ದವರು. ಕೈಯಲ್ಲಿ ಕೋಲು ಹಿಡಿದು ಊರಿನ ಗದ್ದೆಗಳಿಗೆಲ್ಲ ಕೆರೆ ನೀರು ಹಾಯಿಸುತ್ತಿದ್ದರು. ಗದ್ದೆಯವರು ಬಂದು ಸಾಕು ಅನ್ನುವ ತನಕ ಊಟಕ್ಕೆ ಹೋಗುತ್ತಿರಲಿಲ್ಲ. ನಿಮ್ಮ ಹುಲ್ಲಿಗೆ ನೀರು ಚಿಮ್ಮುವುದನ್ನು ನೋಡಿದ ಮೇಲೆ ಒಂದು ತುತ್ತು ಮುಟ್ಟಿಲ್ಲ, ಮಾತ್ರೆ ನುಂಗಿಲ್ಲ. "ಗದ್ದೆಯೋರು ಯೋಳ್ಲಿ, ಉಣ್ತೀನಿ" ಅಂತಾರೆ.

ನನಗೆ ಆಟ ಬೇಡ ಸಾರ್. ಈ ಚೀಟಿಯನ್ನು ವಾಚ್‌ಮನ್ ಕೈಲಿ ಕಳಿಸಿ ಗೇಟಿನ ಹೊರಗೇ ನಿಂತಿದ್ದೇವೆ, ಒಳಗೆ ಬರುವುದಿಲ್ಲ. ನೀವೇ ಬಂದು "ನೀರು ಸಾಕು ಮರಿಸಿದ್ದಯ್ಯ, ಉಣ್ಣೋಗು" ಅಂತ ಒಂದು ಮಾತು ಹೇಳಿ. ಬುತ್ತಿ ನನ್ನ ಕೈಯಲ್ಲೇ ಇದೆ.

ನಾನೂ ಹೇಳಿ ನೋಡಿದೆ. ನನ್ನ ಮುಖವನ್ನೇ ದಿಟ್ಟಿಸಿ, "ನಿಮ್ದ್ಯಾವ ಗದ್ದೆ, ಸ್ವಾಮಿ?" ಅಂತ ಕೇಳಿದರು.

ಇಂತಿ, ಗೇಟಿನಲ್ಲಿ ಕಾಯುತ್ತಿರುವ
ಪ್ರಸನ್ನ