ಜೌಗಿನಲ್ಲಿ ನಿನ್ನ ಗಂಟು

ಹೊಲಿಗೆ ಕೋಣೆ,
ಮಾರ್ಚ್ ನಾಲ್ಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಗುಳ್ಳೆ ಇಳಿಯಿತೇ? ಹಡಗಿನ ಅಡುಗೆಯವನು ಈಗಲೂ ಎಲ್ಲ ಪದಾರ್ಥಕ್ಕೂ ಒಂದೇ ಬಣ್ಣ, ಒಂದೇ ರುಚಿ ಕೊಟ್ಟು ಸಮಾನತೆ ಸಾಧಿಸುತ್ತಿದ್ದಾನೆಯೇ? ನಾವು ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಹೊಲಿಗೆ ಯಂತ್ರದ ಜೊತೆ ಪಂದ್ಯ ಕಟ್ಟಿ ಕಟಕಟ ಎನ್ನುತ್ತದೆ. ಯಂತ್ರಕ್ಕಾದರೆ ಎಣ್ಣೆ ಬಿಡಬಹುದು. ನಿಮ್ಮಪ್ಪನನ್ನು ಗೋದಾಮಿನ ಕಾವಲಿಗೆ ಇನ್ನೊಂದು ವರ್ಷ ಉಳಿಸಿಕೊಂಡಿದ್ದಾರೆ. ಮೆಸೇಜು ಇರುವಾಗ ಬಂದರಿನ ವಿಳಾಸಕ್ಕೆ ಕಾಗದ ಏಕೆ ಎಂದು ಕೇಳುತ್ತೀಯ. ಮೆಸೇಜಿಗೆ ನೀನು ಹೆಬ್ಬೆರಳು ಎತ್ತಿ ತೋರಿಸಿ ಮುಗಿಸುತ್ತೀಯ. ಕಾಗದಕ್ಕಾದರೆ ಆ ಹೆಬ್ಬೆರಳು ಹಿಡಿದುಕೊಳ್ಳುವುದಕ್ಕೇ ಬೇಕಾಗುತ್ತದೆ.

ಹೋದ ವಾರ ನೀನು ಬರೆದದ್ದು ಹೀಗೆ: "ಅಮ್ಮಾ, ಅದು ಇನ್ನೂ ಅಲ್ಲೇ ಇದ್ಯಾ? ಬಿಟ್ಬಿಡು, ಬರೀ ಆಟ ತಾನೆ." ಬರೀ ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಆಟಕ್ಕೆ ನನ್ನನ್ನು ಎಳೆದವಳು ಯಾರು? ಇದೇ ಕೋಣೆಯಲ್ಲಿ, ಕತ್ತರಿಸಿದ ಬಟ್ಟೆಗಳ ನಡುವೆ ಆ ದಪ್ಪ ಬೆನ್ನಿನ ಕಂಪ್ಯೂಟರ್ ಇಟ್ಟುಕೊಂಡು, ಫೋನು ಬಂದರೆ ಇಂಟರ್ನೆಟ್ ಸಾಯುತ್ತಿದ್ದ ಕಾಲದಲ್ಲಿ, "ಅಮ್ಮಾ, ಊಟ ಮಾಡಿ ಬರ್ತೀನಿ, ಇಲ್ಲೇ ನಿಂತಿರು, ಏನೂ ಒತ್ತಬೇಡ" ಎಂದು ಎದ್ದುಹೋದೆ. ನಾನು ಒಂದೇ ಒಂದು ಗುಂಡಿ ಒತ್ತಿದೆ. ಪರದೆಯ ಮೇಲಿನ ನಿನ್ನ ಶೂರೆ ನದಿಗೆ ಹಾರಿದಳು. ಜೀವಮಾನವಿಡೀ ಗುಂಡಿ ಹಾಕಿದವಳು ನಾನು, ಒತ್ತಿದ ಮೊದಲ ಗುಂಡಿಗೇ ಈ ಗತಿ. ಮರುದಿನವೇ ನೀನು ಆಟದೊಳಗೆ ನನಗೂ ಒಂದು ಜೀವ ಮಾಡಿಕೊಟ್ಟು ದರ್ಜಿಯಮ್ಮ ಎಂದು ಹೆಸರಿಟ್ಟೆ. ನೀನು ಸಿಡಿಗುಂಡು, ನಾನು ದರ್ಜಿಯಮ್ಮ. ನಿನ್ನ ಕೈಯಲ್ಲಿ ಕತ್ತಿ, ನನ್ನ ಕೈಯಲ್ಲಿ ಸೂಜಿ.

ಎಂಥ ನಾಡು ಅದು. ನಕ್ಷೆಯಿಲ್ಲ, ಬಾಣದ ಗುರುತಿಲ್ಲ. ತೋಳದ ಕಾಡು ದಾಟಬೇಕಾದರೆ ಸೇತುವೆಯ ಬಳಿ ನಿಂತು, ದಾರಿ ಗೊತ್ತಿದ್ದವರು ಯಾರಾದರೂ ಬರುವವರೆಗೆ ಕಾಯಬೇಕು. ದೋಣಿ ಒಂದೇ, ಅದು ಬರುವುದರೊಳಗೆ ಅಪರಿಚಿತರ ಸಂಸಾರದ ಕಷ್ಟಸುಖವೆಲ್ಲ ತಿಳಿಯುತ್ತಿತ್ತು. ನಾನು ಅಲ್ಲಿ ನಿನಗೆಂದು ಹೊಲಿದ ಮೊದಲ ವಸ್ತು ನೆನಪಿದೆಯೇ? ಸೊಟ್ಟ ಹಳದಿ ಟೋಪಿ. ರಕ್ಷಣೆ ಸೊನ್ನೆ, ಭಾರ ಮಾತ್ರ ಬೀಸುವ ಕಲ್ಲಿನಷ್ಟು. ಯಾವ ಲೆಕ್ಕದಲ್ಲಿ ಆ ಭಾರ ಬಂತೋ ಆಟ ಮಾಡಿದವರಿಗೂ ಗೊತ್ತಿರಲಾರದು. ಒಂದು ವಾರ ಕಳೆದು ಕೇಳಿದರೆ, "ಮೊದಲ್ನೇ ಅಂಗಡೀಲೇ ಮಾರ್ಬಿಟ್ಟೆ ಅಮ್ಮಾ, ತೂಕಕ್ಕೆ" ಎಂದು ನಕ್ಕೆ. ನಾನೂ ನಕ್ಕೆ. ಮನೆಯಲ್ಲಿ ಹೊಲಿದದ್ದಕ್ಕೆ ಬೆಲೆ ಕಟ್ಟಿದವಳು ನೀನೊಬ್ಬಳಾದರೂ ಇದ್ದೆಯಲ್ಲ.

ಇನ್ನು ಆ ನಾಡಿನ ಜೌಗಿನ ಧರ್ಮ. ಅಲ್ಲಿ ಭಾರ ಹೊತ್ತವರು ಬೇಗ ಮುಳುಗುತ್ತಾರೆ. ಬಿದ್ದವರು ಹೊತ್ತಿದ್ದ ಸಾಮಾನಿನ ಗಂಟು ಬಿದ್ದಲ್ಲೇ ಉಳಿಯುತ್ತದೆ. ಜೊತೆಯವರು ದಿನವೂ ಬಂದು ಪಕ್ಕದಲ್ಲಿ ದೀಪ ಹಚ್ಚಿದರೆ ಸರಿ, ಒಂದು ದಿನ ತಪ್ಪಿದರೆ ಕೆಸರು ನುಂಗುತ್ತದೆ. ನೀನು ಮೊದಲ ಸಲ ಹಡಗು ಹತ್ತುವ ಹಿಂದಿನ ದಿನ, ಎಲ್ಲರಿಗೂ ವಿದಾಯ ಹೇಳುವ ಅವಸರದಲ್ಲಿ ಒಬ್ಬಳೇ ಜೌಗಿಗೆ ನುಗ್ಗಿ ಬಿದ್ದೆ. "ನಾಳೆ ಎತ್ಕೋತೀನಿ, ನೋಡ್ಕೋ ಅಮ್ಮಾ" ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ನಾನು ನೋಡಿಕೊಳ್ಳುತ್ತಲೇ ಇದ್ದೇನೆ. ಜ್ವರ ಬಂದಾಗಲೂ ಹಚ್ಚಿದೆ, ಮದುವೆ ಬಟ್ಟೆಗಳ ರಾಶಿಯ ನಡುವೆಯೂ ಹಚ್ಚಿದೆ. ಸಂಬಳಕ್ಕೆ ಕಾಯುವ ನಿಮ್ಮಪ್ಪ ಸಂಬಳವಿಲ್ಲದೆ ಕಾಯುವ ನನ್ನನ್ನು ನೋಡಿ ಮೊದಮೊದಲು ನಗುತ್ತಿದ್ದರು.

ಈಗ ಆಟ ನಡೆಸುವ ಕಂಪನಿಯವರ ಪ್ರಕಟಣೆ ಬಂದಿದೆ. ಯಾರೂ ದಾರಿ ತಪ್ಪಬಾರದಂತೆ. ಆದ್ದರಿಂದ ಜೌಗು ಮುಚ್ಚಿ ನೇರ ರಸ್ತೆ ಹಾಕುತ್ತಾರಂತೆ. ದಾರಿ ತಪ್ಪಿದ್ದರಿಂದಲೇ ಅಲ್ಲವೇ ನಾವೆಲ್ಲ ಒಬ್ಬರಿಗೊಬ್ಬರು ಸಿಕ್ಕದ್ದು? ಮುಚ್ಚುವವರೆಗೆ ಬಿದ್ದ ಗಂಟುಗಳನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದೆಂದು ಹೊಸ ನಿಯಮ. ಗಂಟು ಹೋದರೆ ಅವರಪ್ಪನ ಗಂಟೇನು ಹೋಯಿತು? ಪ್ರಕಟಣೆ ಬಂದದ್ದೇ ತಡ, ಹಾಲು ಕುಡಿಯುವ ವಯಸ್ಸಿನ ಲೂಟಿಕೋರರು ಹಿಂಡುಹಿಂಡಾಗಿ ಬಂದರು. ನಾನು ಸೂಜಿ ಹಿಡಿದು ಗಂಟಿನ ಮೇಲೆಯೇ ನಿಂತೆ. ನಮ್ಮ ಹಳೆಯ ಮೊಂಡುಗತ್ತಿ ನೆನಪಿದ್ದಾನಲ್ಲ, ಆಟದ ಹೊರಗೆ ಹಲ್ಲಿನ ಡಾಕ್ಟರು? ಅವನೂ ದೋಣಿಕಟ್ಟೆಯ ಗೆಳೆಯರನ್ನು ಕರೆದುಕೊಂಡು ಬಂದು ಸುತ್ತ ನಿಂತ. ನಡುವೆ ರೋಗಿ ಬಂದರೆ, "ಒಂದು ಹಲ್ಲು ಕಿತ್ತು ಬಂದೆ" ಎಂದು ಹೇಳಿ ಹೋಗಿ ಬರುತ್ತಾನೆ. ನಾನು ಗಿರಾಕಿಗಳ ಅಳತೆ ತೆಗೆಯುವಾಗ ನಿಮ್ಮಪ್ಪ ಕಂಪ್ಯೂಟರಿನ ಕುರ್ಚಿಗೆ ಬರುತ್ತಾರೆ. ನಗು ನಿಂತಿದೆ, ಉಪದೇಶ ಶುರುವಾಗಿದೆ: "ಕಾವಲಿನವರು ಮಾಲಿನ ಕಡೆ ಮುಖ ಮಾಡಿ ನಿಲ್ಲಬಾರದು ಕಣೇ, ಬರೋರ ಕಡೆ ನಿಲ್ಲಬೇಕು."

ನಿನ್ನೆ ಕಂಪನಿಯವನೇ ಬಂದ, ಮೈಯೆಲ್ಲ ಬೆಳಕಿನ ಮನುಷ್ಯನಾಗಿ. "ಅಮ್ಮಾ, ದಯವಿಟ್ಟು ಜಾಗ ಖಾಲಿ ಮಾಡಿ" ಎಂದ. ನೀವು ಕೊಟ್ಟ ಗಡುವಿನವರೆಗೆ ಜಾಗ ನಮ್ಮದು, ಆಮೇಲೆ ಬೇಕಾದರೆ ನನ್ನ ಮೇಲೆಯೇ ರಸ್ತೆ ಹಾಕಿ ಎಂದೆ. ಅವನು ದೀಪದ ಬಳಿ ಬಗ್ಗಿ ನೋಡಿ, "ದೀಪಕ್ಕೆ ಎಣ್ಣೆ ಇದ್ಯಾ?" ಎಂದು ಕೇಳಿ ಹೋದ. ಅವನೂ ಎಂದೋ ಜೌಗಿನಲ್ಲಿ ಬಿದ್ದವನೇ ಇರಬೇಕು.

ನೀವೇ ಎತ್ಕೊಳ್ಳಿ, ಮಗಳಿಗೆ ಆಮೇಲೆ ಕೊಟ್ಟರಾಯಿತು ಎಂದು ಮೊಂಡುಗತ್ತಿ ಜಾಣತನ ಹೇಳಿಕೊಟ್ಟ. ನೋಡ್ಕೋ ಅಂದಳು, ಎತ್ಕೋ ಅನ್ನಲಿಲ್ಲ ಎಂದೆ. ಕಾವಲಿಗೆ ನಿಂತವಳು ಗಂಟಿಗೆ ಕೈ ಹಾಕಿದರೆ ನನಗೂ ಆ ಲೂಟಿಕೋರರಿಗೂ ಏನು ವ್ಯತ್ಯಾಸ? ಹಟಮಾರಿ ಎನ್ನುತ್ತೀಯ. ಅನ್ನು. ನಿನ್ನ ಹಟ ಆಕಾಶದಿಂದ ಉದುರಿದ್ದಲ್ಲ ಎಂದು ಈಗಲಾದರೂ ತಿಳಿಯಲಿ.

ಹೊತ್ತಿಗೆ ಸರಿಯಾಗಿ ಉಣ್ಣು, ಯಂತ್ರದ ಬಳಿ ತೋಳು ಸಡಿಲವಿರುವ ಅಂಗಿ ತೊಡಬೇಡ. ನೀರು ನಿನಗೆ ಮೆತ್ತಗಿರಲಿ, ನೆಲ ಬೇಗ ಸಿಗಲಿ. ನಿಮ್ಮಪ್ಪ ಕುರ್ಚಿಯಿಂದಲೇ ಆಶೀರ್ವಾದ ಹೇಳಿದ್ದಾರೆ. ಬರುವವರ ಕಡೆ ನೋಡುತ್ತಿರುವುದರಿಂದ ಇತ್ತ ತಿರುಗಲಿಲ್ಲ.

ನಿನ್ನ,
ಅಮ್ಮ (ದರ್ಜಿಯಮ್ಮ)

ಮರೆತಿದ್ದೆ: ಈ ತಿಂಗಳ ಕೊನೆಯ ಭಾನುವಾರ ಜೌಗು ಮುಚ್ಚುತ್ತದೆ. ಈ ಕಾಗದ ನಿನ್ನ ಕೈಸೇರುವ ಬಂದರಿನಲ್ಲೇ ನಾವಿಕರ ಕ್ಲಬ್ಬಿದೆ, ಅಲ್ಲಿ ಕಂಪ್ಯೂಟರ್ ಇದೆ ಎಂದು ನೀನೇ ಹೇಳಿದ್ದೆ. ಪಾಸ್‌ವರ್ಡ್ ನಮ್ಮ ಹಳೆಯ ಬೆಕ್ಕಿನದೇ ಹೆಸರು. ಇನ್ನೊಂದು ಮಾತು. ಹೊಸ ನಿಯಮ ಬಂದ ಮೇಲೆ ಗಂಟಿನೊಳಗೆ ಏನಿದೆಯೆಂದು ಎಲ್ಲರಿಗೂ ಕಾಣಿಸುತ್ತದೆ. ಕತ್ತಿಯ ಕೆಳಗೆ ನನ್ನ ಸೊಟ್ಟ ಹಳದಿ ಟೋಪಿ ಇದೆ, ಕಳ್ಳಿ. ಅಷ್ಟು ಭಾರ ಹೊತ್ತು ಓಡಿದರೆ ಮುಳುಗದೆ ಇನ್ನೇನಾಗುತ್ತದೆ? ಬರೀ ಆಟವಾದರೆ ಬಾ, ನನ್ನ ಕಣ್ಣೆದುರಿಗೇ ಅದನ್ನು ಕೆಸರಿಗೆ ಎಸೆದು ಹೋಗು. ಅಲ್ಲಿಯವರೆಗೆ ನಾನು ಕದಲುವವಳಲ್ಲ.