ಬೋಗಿಯ ಬಾಗಿಲಿಗೆ ಹಿಡಿದ ದಾರ

ರೀ, ಎದ್ದವರೇ ಮೊದಲು ಇದನ್ನು ಓದಿ, ಸಿಟ್ಟು ಆಮೇಲೆ.

ಬಡಗಿ ಮಾಡಿಕೊಟ್ಟ ಹಲಗೆ ತೆಗೆದುಕೊಂಡು ಸ್ಟೇಷನ್ನಿಗೆ ಹೋಗಿದ್ದೇನೆ. ಮನೆಯಲ್ಲಿ ಕೂರಲು ಆಗಲಿಲ್ಲ. ಎಂಟಕ್ಕೆ ಎದುರುಮನೆ ಮದನ್ ಆಟೋ ತರುತ್ತಾನೆ. ಇಡ್ಲಿ ಮುಚ್ಚಿಟ್ಟಿದ್ದೇನೆ. ಮಾತ್ರೆ ಮರೆಯಬೇಡಿ.

ಹೋದ ಸಲ ನಾಲ್ಕು ಜನ ಹೊತ್ತು ರೈಲು ಹತ್ತಿಸಿದಾಗ, "ಭತ್ತದ ಮೂಟೆ ಆಗ್ಬುಟ್ನಲ್ಲೇ" ಅಂದಿರಿ. ಅಂದಿನಿಂದ ನೀವು ಹೊಸಿಲು ದಾಟಿಲ್ಲ. ಅದಕ್ಕೇ ನಿನ್ನೆ ನಿಮ್ಮ ಗಾಲಿಕುರ್ಚಿಯ ಅಗಲಕ್ಕೆ ದಾರ ಕತ್ತರಿಸಿಕೊಂಡು ಹೋಗಿ ಬೋಗಿಯ ಬಾಗಿಲಿಗೆ ಹಿಡಿದು ನೋಡಿದೆ. ಗಾರ್ಡು, "ಏನವ್ವಾ, ರೈಲಿಗೆ ರವಿಕೆ ಹೊಲಿಸ್ತೀಯಾ?" ಅಂತ ನಕ್ಕರು. ನಗಲಿ. ಎರಡು ಬೆರಳು ಜಾಗ ಮಿಗುತ್ತದೆ. ಹಲಗೆ ಹಾಸಿದರೆ ಕುರ್ಚಿಯಲ್ಲಿ ಕೂತೇ ಒಳಗೆ ಹೋಗಬಹುದು. ಹಲಗೆ ಜರುಗದ ಹಾಗೆ ನಾನು ತುದಿ ಮೆಟ್ಟಿ ನಿಲ್ಲುತ್ತೇನೆ, ಮದನ್ ತಳ್ಳುತ್ತಾನೆ. ರೈಲು ಹತ್ತಿಸಲು ನಿಮ್ಮನ್ನು ಯಾರೂ ಮುಟ್ಟಬೇಕಿಲ್ಲ. ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು, ಅದೊಂದೇ ದಿಗಿಲು. ಆಟೋ ತಡ ಮಾಡಿಸಬೇಡಿ.

ಮೈಸೂರಿನಲ್ಲಿ ನಿಮ್ಮ ಮಗಳು ಅರ್ಪಿತ ತೊಟ್ಟಿಲು ಕಟ್ಟಿ ಕಾಯುತ್ತಿದ್ದಾಳೆ. ಮಗುವಿನ ಕಿವಿಯಲ್ಲಿ ತಾತನೇ ಹೆಸರು ಹೇಳಬೇಕಂತೆ, ಬೇರೆ ಯಾರೂ ಬೇಡವಂತೆ.

ಬರಲ್ಲ ಅಂತ ಮದನ್ ಹತ್ತಿರ ಹೇಳಿ ಕಳಿಸಬೇಡಿ. ಹೇಳಲೇಬೇಕಿದ್ದರೆ ಪ್ಲಾಟ್‌ಫಾರಂಗೆ ಬಂದು, ನನ್ನ ಮುಖ ನೋಡಿ ಹೇಳಿ.

ಮಲ್ಲಾಜಿ