ನನ್ನ ಫೋಟೋ ಗೋಡೆಯಿಂದ ತೆಗಿ

ಅಮ್ಮಾ,

ಇವತ್ತು ನನ್ನ ಕೈಗವುಸು ಮಾಯ. ಬೆಳಗ್ಗೆ ಒಂದು ಹಸು ಮೊಣಕಾಲಿಗೆ ಒದೀತು, ಪೈಪಲ್ಲಿ ನೀರು ಹೆಪ್ಪುಗಟ್ಟಿತು, ಸರಿ ಮಾಡಿಸ್ತೀನಿ ಅಂದ ಮೇಸ್ತ್ರಿ ಮಂಗಮಾಯ. ಜೊತೇಲಿ ಹಾಲು ಕರೀತಿದ್ದ ಹುಡುಗ ಹೇಳ್ದೆ ಕೇಳ್ದೆ ಪರಾರಿ, ಅವನ ಹಸುಗಳೂ ನನ್ನ ತಲೆಗೇ. ಸಾಕಾಗಿದೆ ಅಮ್ಮಾ. ಈ ಪರದೇಶದ ವಿಸ್ಕಾನ್ಸಿನ್ ಚಳೀಲಿ ಮೂಗು ಇದೆಯೋ ಬಿದ್ದೋಯ್ತೋ ಅಂತ ಮುಟ್ಟಿ ನೋಡ್ಕೋಬೇಕು.

ಊಟಕ್ಕೆ ಕೂತಾಗ ಜೊತೆ ಕೆಲಸದ, ನಮ್ಮ ದೇಶದವನೇ, ವೆರಾಕ್ರೂಸಿನ ಫೆರ್ಮಿನ್ ಅವನ ಫೋನ್ ನನ್ನ ಮುಖಕ್ಕೆ ಹಿಡಿದ. "ಲೋ ಲಿಬೋ, ನೀನು ಕಾಣೆಯಾಗಿದ್ದೀಯಂತೆ ಕಣೋ! ಮತ್ತೆ ನನ್ನ ಟೋರ್ಟಿಯಾ ನುಂಗ್ತಿರೋನು ಯಾವನು?" ನಗ್ತಾನೇ ನೋಡ್ದೆ. ನಮ್ಮೂರ ಮಾರ್ಕೆಟ್ ಗೋಡೆ. ಅಣ್ಣ ಚಾಲೋ ಪೋಸ್ಟರ್ ಪಕ್ಕದಲ್ಲೇ ನಂದೂ ಒಂದು. ತಟ್ಟೆ ಪಕ್ಕಕ್ಕಿಟ್ಟು ಅವನ ಫೋನ್ ಕಿತ್ಕೊಂಡೆ.

ನನ್ನ ಫೋನ್ ಹಾಲಿನ ಟ್ಯಾಂಕಿಗೆ ಬಿತ್ತಮ್ಮಾ, ಅಷ್ಟೇ. ನಂಬರೆಲ್ಲ ಅದರ ಜೊತೆ ಮುಳುಗಿದ್ವು. ಆಮೇಲೆ ಆ ಫಾರ್ಮ್ ಬಿಟ್ಟು ಈ ಫಾರ್ಮಿಗೆ ಬಂದೆ. ನಿನ್ನ ನಂಬರ್ ಈಗ ಸಿಕ್ಕಿದ್ದು ಎಲ್ಲಿ ಗೊತ್ತಾ? ನನ್ನನ್ನೇ ಹುಡುಕೋ ಪೋಸ್ಟರಿನ ಕೆಳಗೆ.

ಫೋನ್ ಮಾಡ್ದೆ. "ಪಾಪಿ, ನನ್ನ ಮಗನ ದನಿ ಮಾಡ್ಬೇಡ, ನನ್ನ ಹತ್ರ ಕಾಸಿಲ್ಲ," ಅಂದು ನೀನು ಕಟ್ ಮಾಡ್ಬಿಟ್ಟೆ. ಮತ್ತೆ ಮಾಡ್ದೆ, ಮತ್ತೆ ಕಟ್. ನಿನ್ನ ತಪ್ಪಲ್ಲ. ಚಾಲೋನ ಯಾರೋ ಎತ್ತಾಕ್ಕೊಂಡು ಹೋದಾಗ ಎಷ್ಟು ಜನ ಕಳ್ಳರು ಅವನ ಹೆಸರು ಹೇಳ್ಕೊಂಡು ಫೋನ್ ಮಾಡಿದ್ರು! ಕಾಣದ ಮಕ್ಕಳನ್ನ ಹುಡುಕೋ ನಿಮ್ಮ ಗುಂಪಿನ ತೋಮಾಸಾ ಅತ್ತೆ ಎಲ್ಲರಿಗೂ ಅದೇ ಪಾಠ ಹೇಳ್ಕೊಟ್ಟಿದ್ದಾಳೆ: "ಗೊತ್ತಿಲ್ದಿರೋ ನಂಬರಿಂದ ದೇವರೇ ಮಾತಾಡಿದ್ರೂ ಕಟ್ ಮಾಡು." ವಿಡಿಯೋ ಕಾಲನ್ನೂ ಎತ್ತಬಾರ್ದು, ನಮ್ಮ ಮುಖ ಅವರ ಕೈಗೆ ಸಿಗುತ್ತೆ ಅಂತ. ನಾನು ಕಳ್ಸಿರೋ ವಾಯ್ಸ್ ಮೆಸೇಜನ್ನಾದ್ರೂ ಕೇಳ್ತಿದ್ದೀಯಲ್ಲ, ನೀಲಿ ಟಿಕ್ ಕಾಣಿಸ್ತಿದೆ.

ಚಾಲೋ ಹೋದ ಮೇಲೆ ನಮ್ಮನೇಲಿ 'ಕಾಣೆಯಾಯ್ತು' ಅನ್ನೋ ಮಾತೇ ಆಡೋ ಹಾಗಿರ್ಲಿಲ್ಲ. ಉಪ್ಪು ಕಾಣಿಸ್ತಿಲ್ಲ ಅಂದ್ರೆ ನೀನು ರೇಗ್ತಿದ್ದೆ. "ಎಲ್ಲೋ ಇದೆ, ಸಿಕ್ಕಿಲ್ಲ ಅನ್ನು." ಪಾದ್ರಿ ಬಂದು, ನಿಮ್ಮ ಮಗ ಕಣ್ಮರೆಯಾದ ಅಂತೇನೋ ನಯವಾಗಿ ಅಂದಾಗ ತಿರುಗಿಬಿದ್ದೆ. "ಅವನಾಗೇ ಮರೆಯಾಗೋಕೆ ಅವನೇನು ಸೂರ್ಯನಾ ಸ್ವಾಮಿ? ನನ್ನ ಮಗನ್ನ ಕಾಣೆ ಮಾಡಿದ್ದಾರೆ." ಆ ಮನುಷ್ಯ ಕಾಫೀನೂ ಮುಗಿಸ್ದೆ ಎದ್ದೋದ. ಇಲ್ಲಿ ನೋಡು, ಬೆಳಗಾದ್ರೆ ಅದು ಮಾಯ, ಇವನು ನಾಪತ್ತೆ, ಎಲ್ಲರ ಬಾಯಲ್ಲೂ ಅದೇ. ಮೊದಮೊದಲು ನಾನು ಬೆಚ್ಚಿ ಬೀಳ್ತಿದ್ದೆ. ಈಗ ನನ್ನ ನಾಲಿಗೇಗೂ ಅಭ್ಯಾಸ ಆಗ್ಬಿಟ್ಟಿದೆ.

ನಾನೇ ಅಂತ ಹೇಗೆ ನಂಬಿಸ್ಲಿ? ಮಚ್ಚೆ, ಎತ್ತರ, ಮನೇಲಿ ಕರೆಯೋ ಹೆಸರು, ಎಲ್ಲಾ ಪೋಸ್ಟರಲ್ಲೇ ಬರ್ಸಿದ್ದೀಯ. ಅದಕ್ಕೇ ಬೇರೆ ಹೇಳ್ತೀನಿ, ಬೈಬೇಡ. ಚರ್ಚಲ್ಲಿ ನನ್ನ ಧರ್ಮಪಿತ ಆದೋರ ಮಗಳ ಮದುವೇಲಿ "ನಮ್ಮ ನಾಯಿಗೆ" ಅಂತ ಮಾಂಸ ಕಟ್ಟಿಸ್ಕೊಂಡು ಬ್ಯಾಗಿಗೆ ಹಾಕ್ಕೊಂಡ್ಯಲ್ಲ. ನಮ್ಮನೇಲಿ ನಾಯಿ ಎಲ್ಲಿತ್ತಮ್ಮಾ? ಬೊಗಳ್ಕೊಂಡೇ ತಿಂದಿದ್ದು ನಾನು, ಚಾಲೋ. ನೀನು ನಕ್ಕೂ ನಕ್ಕೂ ಒಲೆ ಮುಂದೆ ಕೂತ್ಬಿಟ್ಟೆ.

ಇದು ಗೊತ್ತಿರೋದು ನಮ್ಮ ಮೂವರಿಗೇ. ನೀನು ಏನು ಯೋಚಿಸ್ತೀಯ ಅಂತ್ಲೂ ಗೊತ್ತು. ಎತ್ತಾಕ್ಕೊಂಡು ಹೋದೋರು ಚಾಲೋ ಬಾಯಿ ಬಿಡಿಸಿ ಕೇಳ್ಕೊಂಡಿರ್ಬಹುದು ಅಂತ. ಇಲ್ಲಮ್ಮಾ. ನಾನು, ಲಿಬೋರಿಯೊ. ಅವನಲ್ಲ. ಅವನ ಸುದ್ದಿ ನನ್ನ ಹತ್ರಾನೂ ಇಲ್ಲ. ಇದ್ದಿದ್ರೆ ಅದನ್ನೇ ಮೊದಲು ಹೇಳ್ತಿರ್ಲಿಲ್ವಾ?

ಭಾನುವಾರ ನೀವೆಲ್ಲ ಗುಡ್ಡಕ್ಕೆ ಹೋಗ್ತೀರ. ಸಲಾಕೆ ನೆಲಕ್ಕೆ ಚುಚ್ಚಿ, ಹೂತಿಟ್ಟವರ ವಾಸನೆ ಇದೆಯಾ ಅಂತ ತುದಿ ಮೂಸಿ, ಮುಂದಕ್ಕೆ ಹೆಜ್ಜೆ. ಚಾಲೋಗೋಸ್ಕರ ಹೋಗು, ಬೇಡ ಅನ್ನಲ್ಲ. ಆದ್ರೆ ನಾನು ಉಸಿರಾಡ್ತಿರುವಾಗ ನನಗೋಸ್ಕರ ಮಣ್ಣು ಮೂಸ್ಬೇಡ. ನನ್ನ ಫೋಟೋ ಕಿತ್ತಾಕು. ಆ ಜಾಗದಲ್ಲಿ ಅವನದ್ದೇ ಇನ್ನೊಂದು ದೊಡ್ಡದಾಗಿ ಅಂಟಿಸು. ದಾರೀಲಿ ಹೋಗೋರಿಗೆ ಇಬ್ಬರ ಮುಖ ನೆನಪಿರಲ್ಲ, ಒಂದಾದ್ರೆ ಇರುತ್ತೆ.

ಗುಡ್ಡದಲ್ಲಿ ನಿನ್ನ ಕಾಲಿಗೆ ಕಲ್ಲು ತಾಗ್ದಿರ್ಲಿ, ಬಿಸಿಲು ನಿನ್ನ ತಲೆ ಮೇಲೆ ಮೆತ್ತಗಿರ್ಲಿ. ನನ್ನ ಹಣೆಗೆ ಶಿಲುಬೆ ಗುರುತು ಅಲ್ಲಿಂದ್ಲೇ ಹಾಕು, ನನಗೆ ತಾಕುತ್ತೆ.

ಬದುಕಿರೋ ನಿನ್ನ ಮಗ,
ಲಿಬೋ

ಭಾನುವಾರ ಬೆಳಗ್ಗೆ ಆರು ಗಂಟೆ, ನೀನು ಸಲಾಕೆ ಕೈಗೆ ತಗೊಳ್ಳೋಕೆ ಮೊದಲು, ಇದೇ ನಂಬರಿಗೆ ನೀನೇ ಫೋನ್ ಮಾಡು.